ಒಂಬತ್ತು ದೊಡ್ಡದೋ, ಐದು ದೊಡ್ಡದೋ?

2022ರ ಜನವರಿ, ಕೋವಿಡ್‌ನ ಒಮಿಕ್ರಾನ್ ಅಲೆ. ಆಗ ಪದೇ ಪದೇ ಕಿವಿಗೆ ಬೀಳುತ್ತಿದ್ದ ಮಾತು: ‘ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿಕೊಂಡವರೇ ಜಾಸ್ತಿ ಇದಾರೆ, ಮತ್ಯಾಕ್ರೀ ಲಸಿಕೆ?’

ಸಾವಿರ ಜನರ ಒಂದು ಊರು ಅಂತಿಟ್ಟುಕೊಳ್ಳಿ. 900 ಮಂದಿಗೆ ಲಸಿಕೆ ಆಗಿದೆ, 100 ಮಂದಿಗೆ ಇಲ್ಲ. ಮೊದಲಿನವರಲ್ಲಿ 9 ಜನ ಆಸ್ಪತ್ರೆ ಸೇರಿದರು, ಉಳಿದವರಲ್ಲಿ 5. ಒಂಬತ್ತೇ ದೊಡ್ಡದು, ಒಪ್ಪೋಣ. ಆದರೆ ಅದು ನೂರಕ್ಕೆ ಒಂದು, ಇದು ನೂರಕ್ಕೆ ಐದು!

ಹಾಗಂತ ಅನುಮಾನಪಟ್ಟವರನ್ನೆಲ್ಲ ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ಕೊವ್ಯಾಕ್ಸಿನ್ ಲಸಿಕೆಗೆ 2021ರ ಜನವರಿ 3ರಂದೇ ಅನುಮತಿ ಸಿಕ್ಕಿತು, ಮೂರನೇ ಹಂತದ ಪ್ರಯೋಗದ ಫಲಿತಾಂಶ ಬರುವ ಮೊದಲೇ. ಶೇ 77.8 ಪರಿಣಾಮಕಾರಿ ಎಂಬ ವರದಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು ನವೆಂಬರಿನಲ್ಲಿ. ಇನ್ನೊಂದು ಲಸಿಕೆ ಕೋವಿಶೀಲ್ಡ್‌ನ ಡೋಸುಗಳ ನಡುವಿನ ಅಂತರವೂ ನಾಲ್ಕು ವಾರದಿಂದ ಬೆಳೆದು ಬೆಳೆದು ಮೇ ಹೊತ್ತಿಗೆ 12ರಿಂದ 16 ವಾರ ಆಯಿತು. ಯಾಕೆಂದು ಬಿಡಿಸಿ ಹೇಳಿದವರು ಕಡಿಮೆ, ಕೇಳಿದವರನ್ನು ಗದರಿದವರೇ ಹೆಚ್ಚು.

ಇನ್ನು ಮಾಸ್ಕು. ಲಸಿಕೆ ಸಾವನ್ನು ತಡೆದಷ್ಟು ಚೆನ್ನಾಗಿ ಸೋಂಕನ್ನು ತಡೆಯಲಿಲ್ಲ. ಎರಡು ಡೋಸ್ ಆದವರಿಗೂ ಒಮಿಕ್ರಾನ್ ಅಂಟಿತು, ಅವರಿಂದ ಮನೆಯ ಅಜ್ಜಿಗೂ. ‘ಡೋಸ್ ಆಯ್ತಲ್ಲ’ ಎಂದು ಮಾಸ್ಕನ್ನು ಗಲ್ಲಕ್ಕಿಳಿಸಿದವರಿಗೆ ಈ ಅರ್ಧ ಸುದ್ದಿಯನ್ನು ಯಾರೂ ಸರಿಯಾಗಿ ಮುಟ್ಟಿಸಿರಲೇ ಇಲ್ಲ.