ಎಸ್‌.ಪಿ. ರಸ್ತೆಗೆ ಹೋದ ಅಕ್ಕಿ ಚೀಲ

ಹೋದ ತಿಂಗಳ ಒಂದು ಶನಿವಾರ ಬನಶಂಕರಿ ಮೆಟ್ರೊ ನಿಲ್ದಾಣದಲ್ಲಿ ನಮ್ಮನ್ನು ನೋಡಿದವರು ರೇಷನ್ ತರಲು ಹೊರಟಿದ್ದಾರೆ ಅಂದುಕೊಂಡಿರಬೇಕು. ಇಪ್ಪತ್ತೈದು ಕಿಲೋ ಅಕ್ಕಿ ಚೀಲದ ಒಂದು ಕಿವಿ ನನ್ನ ಕೈಯಲ್ಲಿ, ಇನ್ನೊಂದು ಕಿವಿ ಎಂಟನೇ ಕ್ಲಾಸಿನ ಮೊಮ್ಮಗಳು ಪುಟ್ಟಿಯ ಕೈಯಲ್ಲಿ. ತಪಾಸಣೆಯ ಹುಡುಗ ಪರದೆ ನೋಡಿ, “ಏನ್ ಸಾರ್ ಇದು?” ಅಂದ.

“ಕಂಪ್ಯೂಟರ್ ಅಂಕಲ್, ಹುಷಾರಿಲ್ಲ” ಅಂದಳು ಪುಟ್ಟಿ. ಆತ ನಕ್ಕು ಬಿಟ್ಟ.

ನಮ್ಮ ಮನೆಯ ಕಂಪ್ಯೂಟರಿಗೆ ಹದಿನೈದು ವರ್ಷ ದಾಟಿದೆ. ಅದರ ಕಾಯಿಲೆ ಒಂದೇ ದಿನದಲ್ಲಿ ಬಂದದ್ದಲ್ಲ. ಆರು ತಿಂಗಳಿಂದ ಬೆಳಿಗ್ಗೆ ಹಾಕಿದರೆ ತಾರೀಖು 2009ರ ಜನವರಿ 1 ಅಂತ ತೋರಿಸುತ್ತಿತ್ತು. ಎಫ್‌1 ಒತ್ತಿ ಅಂತ ಕೇಳುತ್ತಿತ್ತು. ಒತ್ತುತ್ತಿದ್ದೆ. ತಾರೀಖು ಸರಿಮಾಡುತ್ತಿದ್ದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಬೆಳಿಗ್ಗೆ ಹೋದ ತಕ್ಷಣ ಸೀಲಿನ ತಾರೀಖು ತಿರುಗಿಸಿದ ಕೈ ನೋಡಿ, ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಮರೆತ ದಿನ ಮಾತ್ರ ಇಂಟರ್ನೆಟ್ಟಿನ ಪುಟಗಳು ತೆರೆಯುತ್ತಿರಲಿಲ್ಲ. ಅದಕ್ಕೂ ಕಾರಣವಿದೆ. ಪ್ರತಿ ತಾಣಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರ್ 2009ರಲ್ಲೇ ಕುಳಿತಿದ್ದರೆ ಅದರ ಕಣ್ಣಿಗೆ ಇವೆಲ್ಲ ಮುಂದಿನ ತಾರೀಖಿನ ಚೆಕ್ಕುಗಳು. ಮುಂದಿನ ತಾರೀಖಿನ ಚೆಕ್ಕನ್ನು ಯಾವ ಗುಮಾಸ್ತ ಪಾಸು ಮಾಡುತ್ತಾನೆ?

ಆಮೇಲೊಂದು ದಿನ ಸ್ವಿಚ್ ಹಾಕಿದರೆ ದೀಪ ಹತ್ತಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಒಳಗಿನಿಂದ ಪೀಂ... ಪೀಂ... ಅಂತ ಉದ್ದುದ್ದ ಕೂಗು. ಮನೆಯ ಹತ್ತಿರದ ಅಂಗಡಿಯವರು ಮುಚ್ಚಳ ತೆಗೆದು, ಎರಡು ಕಡೆ ಅಲ್ಲಾಡಿಸಿ, “ಮದರ್‌ಬೋರ್ಡ್ ಹೋಗಿದೆ. ಹೊಸದು ತಗೊಳ್ಳಿ. ಹಳೇದನ್ನ ಎಕ್ಸ್‌ಚೇಂಜಲ್ಲಿ ಎರಡು ಸಾವಿರಕ್ಕೆ ಇಟ್ಕೋತೀನಿ” ಅಂದರು. ನಾನು ಒಪ್ಪಿಬಿಟ್ಟಿದ್ದೆ. ಪುಟ್ಟಿ ನನ್ನ ಷರ್ಟು ಜಗ್ಗಿದಳು.

“ತಾತ, ಅಜ್ಜಿ ಕಥೆ?”

ನನ್ನ ಹೆಂಡತಿ ಹೋಗಿ ನಾಲ್ಕು ವರ್ಷವಾಯಿತು. ಪುಟ್ಟಿಗೆ ಆರು ವರ್ಷವಿದ್ದಾಗ, ಬೇಸಿಗೆ ರಜೆಯಲ್ಲಿ, ಅವಳಿಗೆ ಹೇಳಿದ ಹನ್ನೊಂದು ಕಥೆಗಳನ್ನು ಅಳಿಯ ಮೈಕಿಟ್ಟು ಅದೇ ಕಂಪ್ಯೂಟರಿಗೆ ತುಂಬಿಸಿದ್ದ. ಅವಳ ಧ್ವನಿ ಇನ್ನೆಲ್ಲೂ ಇಲ್ಲ. ಒಂದು ಓಚರ್ ಬರೆದರೂ ಕಾರ್ಬನ್ ಹಾಳೆ ಇಟ್ಟು ಬರೆದ ನಾನು ಇದಕ್ಕೊಂದು ನಕಲು ಮಾಡಿಟ್ಟಿರಲಿಲ್ಲ. ಯಂತ್ರವನ್ನು ವಾಪಸು ಹೊತ್ತು ತಂದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟು ಪೀಠಿಕೆ. ಈಗ ಮತ್ತೆ ಮೆಟ್ರೊ ಹತ್ತೋಣ. ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ರೈಲು ಮನೆಗಳ ತಾರಸಿ, ತೆಂಗಿನ ಗರಿ ತೋರಿಸುತ್ತಾ ಮೇಲೆ ಹೋಗುತ್ತದೆ. ಅದಾದ ಕೂಡಲೇ ಇಳಿಜಾರಿನಲ್ಲಿ ನೆಲದೊಳಕ್ಕೆ ನುಗ್ಗುತ್ತದೆ. ಈ ಸುರಂಗ ತೆರೆದದ್ದು 2017ರ ಜೂನಿನಲ್ಲಿ. ಅದಕ್ಕೆ ಮುಂಚೆ ಮಾರ್ಕೆಟ್ಟಿಗೆ ಹೋಗುವುದೆಂದರೆ ಬಿಟಿಎಸ್ ಬಸ್ಸಿನಲ್ಲಿ ಬುಟ್ಟಿಗಳ ನಡುವೆ ಒಂದೇ ಕಾಲಿನ ಮೇಲೆ ನಿಲ್ಲುವುದು. (ಈಗಿನವರಿಗೆ ಬಿಎಂಟಿಸಿ. ನನ್ನ ನಾಲಿಗೆಗೆ ಇನ್ನೂ ಬಿಟಿಎಸ್ಸೇ.)

ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಮೇಲೆ ಬಂದರೆ ಎದುರಿಗೆ ಹಳೆಯ ಕೋಟೆಯ ಕಲ್ಲಿನ ಗೋಡೆ, ಮೂಗಿಗೆ ಸೇವಂತಿಗೆ, ಬಾಳೆಲೆ, ಡೀಸೆಲ್ ಎಲ್ಲ ಸೇರಿದ ವಾಸನೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂದಾಗ ಬೀದಿದೀಪ ಹೊತ್ತಿದ್ದು ಈ ಆಸುಪಾಸಿನಲ್ಲೇ ಅಂತ ಪುಟ್ಟಿಗೆ ಹೇಳಿದೆ. “ಅದಕ್ಕೇ ಇಲ್ಲಿ ಇಷ್ಟೊಂದು ವೈರ್ ಅಂಗಡಿಗಳಾ ತಾತ?” ಅಂದಳು. ಇರಬಹುದೇನೋ ಅನ್ನಿಸಿ ಸುಮ್ಮನಾದೆ.

ಟೌನ್‌ಹಾಲಿನ ದಿಕ್ಕಿಗೆ ನಡೆದು ಒಳಗೆ ತಿರುಗಿದರೆ ಎಸ್‌.ಪಿ. ರಸ್ತೆ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಪೂರ್ತಿ ಹೇಳಿದರೆ ಆಟೋದವರು ಯೋಚಿಸುತ್ತಾರೆ. ರಸ್ತೆ ಅಗಲವಲ್ಲ, ಅದರಲ್ಲೂ ಅರ್ಧ ಗಾಡಿಗಳದ್ದೇ. ಎರಡೂ ಕಡೆ ಮಂಚದಷ್ಟಗಲದ ಅಂಗಡಿಗಳು. ಒಂದರಲ್ಲಿ ಬರೀ ವೈರು, ಪಕ್ಕದಲ್ಲಿ ಬರೀ ಕೀಬೋರ್ಡು, ಮೆಟ್ಟಿಲ ಕೆಳಗೆ ಸೊಪ್ಪಿನ ಕಟ್ಟಿನ ಹಾಗೆ ಜೋಡಿಸಿದ ಚಾರ್ಜರುಗಳು. ಕನ್ನಡ, ಹಿಂದಿ, ತಮಿಳು, ಉರ್ದು ಒಂದೇ ವಾಕ್ಯದಲ್ಲಿ ಕೇಳಿಸುತ್ತವೆ. ಚೌಕಾಸಿ ಮಾತ್ರ ಕ್ಯಾಲ್ಕುಲೇಟರಿನಲ್ಲಿ. ಅವರು ಒತ್ತಿ ತೋರಿಸುತ್ತಾರೆ, ನೀವು ಅಳಿಸಿ ಒತ್ತುತ್ತೀರಿ.

ಮೊದಲ ಮಹಡಿಯ ಒಂದು ರಿಪೇರಿ ಅಂಗಡಿಯಲ್ಲಿ ಚೀಲ ಇಳಿಸಿದೆವು. ಇಪ್ಪತ್ತೈದರ ಹುಡುಗ. ಕರೆಂಟು ಕೊಟ್ಟು ಕೂಗು ಕೇಳಿದ, ಅಷ್ಟೇ. “ಬೋರ್ಡ್ ಸತ್ತಿದ್ರೆ ಇದು ಕೂಗೋದೇ ಇಲ್ಲ ಸಾರ್. ಬದುಕಿದೆ, ಅದಕ್ಕೇ ಕೂಗ್ತಿದೆ” ಅಂದ.

ಆಮೇಲೆ ಅವನು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಬ್ಯಾಂಕಿನ ಬಾಗಿಲು ತೆರೆದ ತಕ್ಷಣ ವ್ಯವಹಾರ ಶುರುವಾಗುವುದಿಲ್ಲ. ಮ್ಯಾನೇಜರ್ ಒಂದು ಕೀಲಿ, ಹೆಡ್ ಕ್ಯಾಷಿಯರ್ ಒಂದು ಕೀಲಿ ಹಾಕಿ ತಿಜೋರಿ ತೆಗೆಯಬೇಕು. ಕಂಪ್ಯೂಟರೂ ಹಾಗೆಯೇ. ಎದ್ದ ಕೂಡಲೇ ಮೆಮೊರಿ ಇದೆಯೇ, ಪರದೆ ಇದೆಯೇ, ಡಿಸ್ಕ್ ಇದೆಯೇ ಎಂದು ತಾನೇ ಹಾಜರಿ ಕರೆಯುತ್ತದೆ. ಪರದೆಗೆ ಬರೆಯುವ ಮುಂಚೆಯೇ ಯಾರಾದರೂ ಗೈರುಹಾಜರಾದರೆ ಕೂಗುವುದೊಂದೇ ಅದಕ್ಕಿರುವ ದಾರಿ. ಕೂಗಿನ ಲೆಕ್ಕ ಕಂಪೆನಿಯಿಂದ ಕಂಪೆನಿಗೆ ಬೇರೆ. ನಮ್ಮದರಲ್ಲಿ ಉದ್ದ ಕೂಗು ಮತ್ತೆ ಮತ್ತೆ ಬಂದರೆ ಮೆಮೊರಿ ಸಿಗುತ್ತಿಲ್ಲ ಅಂತ ಅರ್ಥ.

ಅವನು ಪ್ಲಗ್ ಕಿತ್ತ. ಕೈಯಲ್ಲಿನ ಸ್ಥಿರವಿದ್ಯುತ್ ಇಳಿಯಲಿ ಅಂತ ಒಳಗಿನ ಕಬ್ಬಿಣದ ಚೌಕಟ್ಟು ಮುಟ್ಟಿದ. ಬಾಚಣಿಗೆಯಷ್ಟುದ್ದದ ಮೆಮೊರಿ ಪಟ್ಟಿ ತೆಗೆದು ಪುಟ್ಟಿಯ ಕಡೆ ಕೈಚಾಚಿದ. “ರಬ್ಬರ್ ಇದ್ಯಾಮ್ಮ?” ಅವಳ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಪಟ್ಟಿಯ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ನಾಲ್ಕು ಸಲ ಉಜ್ಜಿದ. ರಬ್ಬರು ಕಪ್ಪಾಯಿತು. ಪುಡಿ ಊದಿ, ಪಟ್ಟಿಯನ್ನು ಟಕ್ ಅನ್ನುವವರೆಗೆ ಒತ್ತಿ ಕೂರಿಸಿದ. ಸ್ವಿಚ್ ಹಾಕಿದರೆ ಒಂದೇ ಒಂದು ಚಿಕ್ಕ ಕೂಗು. ಪರದೆ ಬೆಳಗಿತು. 2009, ಜನವರಿ 1.

“ರಾತ್ರಿ ಮೇನ್ ಸ್ವಿಚ್ ಆಫ್ ಮಾಡ್ತೀರಾ ಸಾರ್?”

“ಹೌದು, ಕರೆಂಟ್ ಉಳಿಯುತ್ತಲ್ಲ!”

ಪ್ಲಗ್ಗಿನಲ್ಲಿ ಕರೆಂಟಿದ್ದರೆ ಒಳಗಿನ ಗಡಿಯಾರ ಅದರಲ್ಲೇ ನಡೆಯುತ್ತದಂತೆ. ಇಲ್ಲದಿದ್ದರೆ ಒಂದು ಗುಂಡು ಸೆಲ್ಲಿನ ಮೇಲೆ ಬದುಕಬೇಕು. ನನ್ನ ಉಳಿತಾಯ ಅದನ್ನು ತಿಂದುಹಾಕಿತ್ತು. ಅವನು ತೆಗೆದ ಸೆಲ್ಲಿನ ಮೇಲೆ ಸಿಆರ್‌2032 ಎಂದಿತ್ತು. ಮಕ್ಕಳೇ, ಆ ಅಂಕಿಯಲ್ಲಿ ಅಳತೆಯೇ ಇದೆ: ಅಗಲ 20 ಮಿಲಿಮೀಟರ್, ದಪ್ಪ 3.2. ಹೊಸದಾಗಿದ್ದಾಗ 3 ವೋಲ್ಟ್. ಅದು ನಡೆಸುವ ಪುಟ್ಟ ಹರಳು ಕೈಗಡಿಯಾರದಲ್ಲಿ ಇರುವಂಥದ್ದೇ, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದೇಕೆ ಆ ಸಂಖ್ಯೆ ಅಂತ ನಾನು ಕೇಳಿದೆ. ಪುಟ್ಟಿ ಅರ್ಧ, ಅರ್ಧ, ಅರ್ಧ ಮಾಡುತ್ತಾ ಹೋಗಿ ಹದಿನೈದನೇ ಸಲಕ್ಕೆ ಒಂದಕ್ಕೆ ಬಂದಳು. ಯಂತ್ರವೂ ಹಾಗೆಯೇ ಅರ್ಧಿಸಿ ಒಂದು ಸೆಕೆಂಡು ಎಣಿಸುತ್ತದೆ.

ಮೂವತ್ತು ರೂಪಾಯಿಯ ಹೊಸ ಸೆಲ್ಲು ಕೂತಿತು. ಆದರೆ ಈ ಸಲ ಪರದೆಯ ಮೇಲೆ ಬಂದದ್ದು, ಶುರುಮಾಡಲು ಡಿಸ್ಕ್ ಇಲ್ಲ ಎಂಬ ಒಂದು ಸಾಲು. ನನ್ನ ಕಾಲಲ್ಲಿ ಬಲ ಹೋಯಿತು. ಸ್ಟೂಲಿನ ಮೇಲೆ ಕೂತೆ.

“ಹಾರ್ಡ್ ಡಿಸ್ಕ್ ಬೇರೆ, ಬೋರ್ಡ್ ಬೇರೆ ಸಾರ್. ಬೋರ್ಡ್ ಸತ್ರೂ ಡಿಸ್ಕಲ್ಲಿರೋದು ಹೋಗಲ್ಲ. ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡ್ಬಹುದು” ಅನ್ನುತ್ತಾ ಟಾರ್ಚು ಬಿಟ್ಟು ಒಳಗೆ ನೋಡಿದ. ಕೆಂಪು ಕೇಬಲ್ಲಿನ ತುದಿ ಸಡಿಲವಾಗಿ ನೇತಾಡುತ್ತಿತ್ತು. ಮೊದಲ ಅಂಗಡಿಯಲ್ಲಿ ಅಲ್ಲಾಡಿಸಿದ್ದಕ್ಕೋ, ನಮ್ಮ ಅಕ್ಕಿ ಚೀಲದ ಸವಾರಿಗೋ. ಅದನ್ನು ಒತ್ತಿದ. ಅಂದರೆ, ಎರಡು ಸಾವಿರಕ್ಕೆ ನಾನು ಕೊಡಲು ಹೊರಟಿದ್ದ ಪೆಟ್ಟಿಗೆಯೊಳಗೆ ಅವಳ ಹನ್ನೊಂದು ಕಥೆಯೂ ಭದ್ರವಾಗಿಯೇ ಇದ್ದವು.

ವಿಂಡೋಸ್ ನಿಧಾನಕ್ಕೆ ಬಂತು. ಪುಟ್ಟಿಯೇ ಮೌಸ್ ಹಿಡಿದು ಫೈಲು ಹುಡುಕಿ ಒತ್ತಿದಳು. ಅಂಗಡಿಯ ಸ್ಪೀಕರಿನಲ್ಲಿ, ಕೆಳಗಿನ ಹಾರ್ನುಗಳ ನಡುವೆ, ನರಿಯೊಂದು ದ್ರಾಕ್ಷಿ ತೋಟಕ್ಕೆ ಹೊರಟಿತು. ಒಂದು ನಿಮಿಷವಾಗಿರಬೇಕು, ಕಥೆ ನಿಂತಿತು. ಹಿಂದಿನಿಂದ ಕುಕ್ಕರಿನ ಸದ್ದು. ನನ್ನ ಹೆಂಡತಿ ಮೈಕಿನಿಂದ ಮುಖ ತಿರುಗಿಸಿ ಕೂಗಿದಳು: “ರೀ, ಎಷ್ಟು ವಿಶಲ್ ಆಯ್ತು ನೋಡಿದ್ರಾ?”

ರಿಕಾರ್ಡಿನಲ್ಲಿ ನನ್ನ ಉತ್ತರವಿಲ್ಲ. ಅವತ್ತು ಪೇಪರ್ ಓದುತ್ತಿದ್ದೆನೇನೋ.

“ಮೂರು” ಅಂದಳು ಪುಟ್ಟಿ, ಪರದೆಯ ಕಡೆ ನೋಡುತ್ತಾ.

ಹುಡುಗ ಕೆಲಸಕ್ಕೆ ನೂರೈವತ್ತು ತೆಗೆದುಕೊಂಡ. ಕ್ಯಾಲ್ಕುಲೇಟರ್ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಕೆಳಗಿನ ಅಂಗಡಿಯಲ್ಲಿ ಎರಡು ಪೆನ್‌ಡ್ರೈವ್ ಕೊಂಡೆವು. ಒಂದು ಈಗ ಮಗಳ ಮನೆಯಲ್ಲಿದೆ. ಇನ್ನೊಂದು ನಮ್ಮ ಬೀರುವಿನಲ್ಲಿ, ಪಾಸ್‌ಬುಕ್ಕುಗಳ ಜೊತೆ.