ಹರೆಯದ ಮೊಡವೆಯೂ ಅದರ ಔಷಧೋಪಚಾರವೂ



ಸ್ಮರಣಸಂಚಿಕೆಯಲ್ಲಿ ಮುಖ್ಯಾಧ್ಯಾಪಿಕೆಯ ಪಾಲಿಗೆ ಬರುವ ಪುಟಗಳಲ್ಲಿ ಶಿಸ್ತು, ವ್ಯಾಸಂಗ, ಪ್ರಾರ್ಥನೆ ಇವುಗಳ ವಿಷಯವಾಗಿ ನಾಲ್ಕು ಮಾತು ಬರೆಯುವದು ವಾಡಿಕೆ. ಈ ಸಾರೆ ನಾನು ಮೊಡವೆಯ ವಿಷಯವಾಗಿ ಬರೆಯಹೊರಟದ್ದನ್ನು ಕಂಡು ಕೆಲವರು ನಕ್ಕಾರು. ನಗಲಿ. ಹದಿಮೂರರಿಂದ ಹದಿನಾರು ವರ್ಷದ ಹುಡುಗಿಯರ ನಡುವೆ ದಿನಗಳೆಯುವವರಿಗೆ ಇದು ನಗೆಯ ಮಾತಲ್ಲವೆಂಬದು ಗೊತ್ತು. ಉತ್ತರ ತಿಳಿದಿದ್ದರೂ ಕರಿಹಲಗೆಯ ಬಳಿಗೆ ಬಾರದವಳು, ವರ್ಗದ ಛಾಯಾಚಿತ್ರ ತೆಗೆಯುವ ದಿನ ಹೊಟ್ಟೆನೋವೆಂದು ಮನೆಯಲ್ಲುಳಿಯುವವಳು, ಇಂಥವರನ್ನು ಪ್ರತಿವರ್ಷವೂ ಕಾಣುತ್ತೇನೆ.

ಮೊಡವೆಗೆ ಕಾರಣವೇನೆಂದು ನಮ್ಮ ತಾಯಂದಿರನ್ನು ಕೇಳಿದರೆ ಒಬ್ಬರು ಉಷ್ಣವೆನ್ನುವರು, ಒಬ್ಬರು ಸಂಜೆಯ ಮಿರ್ಚಿಭಜಿ ಎನ್ನುವರು. ಬ್ಯಾಡಗಿಯ ಕಡೆಯವರಂತೂ ತಮ್ಮೂರ ಮೆಣಸಿನಕಾಯಿಯನ್ನೇ ದೂರುವರು. ಖಾರದಿಂದ ಮೊಡವೆ ಏಳುತ್ತದೆಂಬದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಬ್ಯಾಡಗಿಯ ಕಾಯಿಯಾದರೋ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅದರಿಂದ ತೆಗೆದ ಕೆಂಪು ಸತ್ವವು ತುಟಿಬಣ್ಣಕ್ಕೂ ಉಗುರುಬಣ್ಣಕ್ಕೂ ಹೋಗುತ್ತದೆ. ಮುಖ ಕೆಡಿಸುವದೆಂದು ದೂರಿಸಿಕೊಂಡ ಕಾಯಿಯೇ ಮುಖಾಲಂಕಾರಕ್ಕೆ ಒದಗುವದು ವಿನೋದವೇ ಸರಿ.

ನಿಜಸ್ಥಿತಿ ಹೀಗಿದೆ. ಹರೆಯದಲ್ಲಿ ದೇಹದೊಳಗಿನ ಹಾರ್ಮೋನುಗಳು ಹೆಚ್ಚುವದರಿಂದ ಚರ್ಮದಡಿಯ ಜಿಡ್ಡಿನ ಗ್ರಂಥಿಗಳು ದೊಡ್ಡವಾಗುತ್ತವೆ. ರೋಮರಂಧ್ರದ ಬಾಯಿ ಸತ್ತ ಜೀವಕೋಶಗಳಿಂದ ಮುಚ್ಚಿಕೊಳ್ಳುತ್ತದೆ. ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಬಾವು ಬರುತ್ತದೆ. ಕರಿಯ ಚುಕ್ಕೆಗಳ ಕಪ್ಪು ಕೊಳೆಯಲ್ಲ. ಆದಕಾರಣ ದಿನಕ್ಕೆ ಆರು ಸಾರೆ ಸಾಬೂನು ಹಚ್ಚಿ ತಿಕ್ಕಿದರೆ ಚರ್ಮ ಸುಲಿದೀತೇ ಹೊರತು ಮೊಡವೆ ಹೋಗದು. ನಿಂಬೆಯ ರಸ, ಅಡಿಗೆಯ ಸೋಡಾ, ಹಲ್ಲುಜ್ಜುವ ಪೇಸ್ಟು ಇವುಗಳನ್ನು ಹಚ್ಚಿಕೊಂಡು ಮುಖ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಯೋಬನ ಮೈಯೆಲ್ಲ ಹುಣ್ಣಾದಾಗ ಅವನ ಸ್ನೇಹಿತರು ಬಂದು ಅವನಲ್ಲಿ ತಪ್ಪು ಹುಡುಕಿದರು. ನಮ್ಮ ಮನೆಗಳಲ್ಲಿಯೂ ಹುಡುಗಿಯ ಕೆನ್ನೆಯಲ್ಲಿ ನಾಲ್ಕು ಗುಳ್ಳೆ ಎದ್ದರೆ ಮೊದಲು ಹುಡುಕುವದು ಅವಳ ತಪ್ಪನ್ನೇ: ನಿದ್ದೆಗೆಟ್ಟಳು, ಕನ್ನಡಿ ನೋಡಿದಳು, ಕರಿದದ್ದು ತಿಂದಳು.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಕೆಲವು ವರ್ಷಗಳ ಕೆಳಗೆ ಹತ್ತನೆಯ ವರ್ಗದ ಹುಡುಗಿಯೊಬ್ಬಳು ಬೇಸಿಗೆಯ ರಜೆ ಮುಗಿಸಿ ಬಂದಾಗ ಅವಳ ಮುಖ ತಿಳಿಯಾಗಿತ್ತು, ಬೆಳ್ಳಗೂ ಆಗಿತ್ತು. ಗೆಳತಿಯರು ಮುಲಾಮಿನ ಹೆಸರು ಕೇಳಿ ಬರೆದುಕೊಂಡರು. ದೀಪಾವಳಿಯ ಹೊತ್ತಿಗೆ ಅದೇ ಮುಖ ಬಿಸಿಲಿಗೆ ಹೋದರೆ ಉರಿಯುತ್ತಿತ್ತು, ಕೆನ್ನೆಯಲ್ಲಿ ಕೆಂಪು ನರಗಳು ಎದ್ದು ಕಾಣುತ್ತಿದ್ದವು, ಗಲ್ಲದ ಮೇಲೆ ಕೂದಲು ಮೂಡಿತ್ತು, ಮೊಡವೆಗಳು ಮೊದಲಿಗಿಂತ ಇಮ್ಮಡಿಯಾಗಿದ್ದವು. ಆ ಮುಲಾಮಿನಲ್ಲಿ ಸ್ಟೆರಾಯ್ಡ್ ಇತ್ತು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡದ್ದು. ಅವಳ ತಾಯಿಯೂ ನಮ್ಮಲ್ಲಿಯೇ ಕಲಿತವಳು. ನನ್ನ ಮುಂದೆ ಕುಳಿತು, "ಅಕ್ಕೋರ, ಹೆಣ್ಣಹುಡುಗಿ ಅಲ್ರೀ, ಮುಖದ ಮ್ಯಾಲೆ ಕಲೆ ಉಳದ್ರ ನಾಳೆ ಯಾರು ಮಾಡಿಕೊಳ್ತಾರ್ರೀ?" ಎಂದಳು. ಆ ಮಾತಿನಲ್ಲಿ ತಾಯಿಯ ಕರುಳೂ ಇತ್ತು, ನಮ್ಮ ಸೀಮೆಯ ಕನ್ಯಾಪರೀಕ್ಷೆಯ ಭಯವೂ ಇತ್ತು. ಅವಳನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ.

ಸ್ಟೆರಾಯ್ಡ್ ಮುಲಾಮು ಬಾವನ್ನು ಅಡಗಿಸಿ ರಕ್ತನಾಳಗಳನ್ನು ಸಂಕೋಚಗೊಳಿಸುವದರಿಂದ ಕೆಲವೇ ದಿನಗಳಲ್ಲಿ ಮುಖ ಚೆನ್ನಾದಂತೆ ತೋರುವದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುವದು. ಬಿಟ್ಟರೆ ಉರಿ ಎದ್ದು ಮತ್ತೆ ಅದನ್ನೇ ಹಚ್ಚುವಂತೆ ಮಾಡುವದು. ಬಿಳುಪಿಗಾಗಿ ಮಾರುವ ಕೆಲವು ಮುಲಾಮುಗಳಲ್ಲಿ ಇದರೊಡನೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಎಂಬವೂ ಬೆರೆತಿರುತ್ತವೆ. ೨೦೧೮ರಲ್ಲಿ ಕೇಂದ್ರ ಸರಕಾರವು ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕಾಯದೆಯ ಮಾತು ಎಲ್ಲ ಅಂಗಡಿಗಳ ಕಟ್ಟೆಯವರೆಗೆ ಬಂದು ಮುಟ್ಟಿಲ್ಲ.

ಆ ಹುಡುಗಿಯನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಚರ್ಮರೋಗತಜ್ಞರಿಗೆ ತೋರಿಸಿದರು. ಮುಲಾಮನ್ನು ಬಿಡಿಸಿದ ಮೇಲೆ ಹಲವು ವಾರ ಅವಳು ಪಟ್ಟ ಸಂಕಟ ದೊಡ್ಡದು. ಆದಾಗ್ಯೂ ಪರೀಕ್ಷೆಗೆ ಕುಳಿತಳು, ತೇರ್ಗಡೆಯೂ ಆದಳು.

ಹಾಗಾದರೆ ಒಳ್ಳೆಯ ಔಷಧವಿಲ್ಲವೇ? ಇದೆ, ಆದರೆ ಅದು ನಿಧಾನದ್ದು. ಸಾಮಾನ್ಯ ಮೊಡವೆಗೆ ವೈದ್ಯರು ಬೆಂಜಾಯಿಲ್ ಪೆರಾಕ್ಸೈಡ್ ಎಂಬದನ್ನಾಗಲಿ, ರಾತ್ರಿ ಹಚ್ಚುವ ಅಡಾಪಲಿನ್ ಎಂಬದನ್ನಾಗಲಿ ಬರೆದುಕೊಡುವರು. ಮೊದಲನೆಯದು ಶೇಕಡಾ ೨.೫ರ ಬಲದಲ್ಲಿದ್ದರೂ ಸಾಕು. ಶೇಕಡಾ ೧೦ರದು ಹೆಚ್ಚು ಉರಿಸೀತೇ ವಿನಾ ಹೆಚ್ಚು ಗುಣ ಕೊಡದು. ಅದು ತಲೆದಿಂಬಿನ ಚೀಲದ ಬಣ್ಣವನ್ನೂ ತೆಗೆಯುವದೆಂದು ನೆನಪಿಡಿರಿ. ಎರಡನೆಯದು ಮೊದಲ ಕೆಲವು ವಾರ ಚರ್ಮವನ್ನು ಒಣಗಿಸಿ ಮೊಡವೆ ಹೆಚ್ಚಾದಂತೆ ತೋರಿಸಬಹುದು. ಬಿಸಿಲನ್ನು ತಾಳದಂತೆ ಮಾಡುವದು. ಗರ್ಭಿಣಿಯರು ಅದನ್ನು ಹಚ್ಚಬಾರದು. ಎಂಟರಿಂದ ಹನ್ನೆರಡು ವಾರ ಕಾಯಬೇಕು, ಅಂದರೆ ಜೂನಿನಲ್ಲಿ ಶಾಲೆ ತೆರೆದಾಗ ಆರಂಭಿಸಿದರೆ ಫಲವನ್ನು ಆಗಸ್ಟಿನ ಕೊನೆಗೆ ನೋಡಬೇಕು. ಹತ್ತು ದಿನಕ್ಕೆ ಬೇಸತ್ತು ಬಿಡುವವರೇ ಬಹಳ, ಮತ್ತು ಹಾಗೆ ಬಿಟ್ಟವರೇ ಬೇಗ ಬೆಳ್ಳಗಾಗಿಸುವ ಮುಲಾಮಿನ ಕೈಗೆ ಸಿಕ್ಕುವರು.

ಬಾವು ಹೆಚ್ಚಾದರೆ ಡಾಕ್ಸಿಸೈಕ್ಲಿನ್ ಮುಂತಾದ ಗುಳಿಗೆಗಳುಂಟು. ಇವನ್ನು ತುಂಬಿದ ಲೋಟ ನೀರಿನೊಡನೆ ನುಂಗಬೇಕು, ನುಂಗಿದೊಡನೆ ಮಲಗಬಾರದು; ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗುವ ಸಂಭವವಿದೆ. ಸಾಧಾರಣವಾಗಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇವನ್ನು ಕೊಡುವದಿಲ್ಲ, ಯಾತಕ್ಕಂದರೆ ಕ್ರಿಮಿಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲೂ ಬರುತ್ತಿದ್ದರೆ ತೊಂದರೆಯ ಮೂಲ ಅಂಡಾಶಯದ ಕಡೆಗಿರಬಹುದು; ಸ್ತ್ರೀರೋಗ ವೈದ್ಯರನ್ನೂ ಕಾಣಬೇಕು.

ಎಲ್ಲಕ್ಕಿಂತ ಪ್ರಬಲವಾದದ್ದು ಐಸೊಟ್ರೆಟಿನಾಯಿನ್. ಅಮೇರಿಕೆಯಲ್ಲಿ ೧೯೮೨ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಗಂಟುಗಂಟಾಗಿ ಎದ್ದು ಗುಳಿಬೀಳುವ ಮೊಡವೆಗೆ ಅದರಷ್ಟು ಗುಣಕಾರಿಯಾದದ್ದು ಬೇರೊಂದಿಲ್ಲ. ತುಟಿ ಒಡೆಯುವದು ಎಲ್ಲರಿಗೂ ಇದ್ದದ್ದೇ. ಯಕೃತ್ತು, ರಕ್ತದ ಕೊಬ್ಬು ಇವುಗಳ ಪರೀಕ್ಷೆ ಆಗಬೇಕು. ಮನಸ್ಸು ಕುಗ್ಗಿದಂತೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಘೋರವಾದ ಅಪಾಯವೆಂದರೆ, ಗುಳಿಗೆ ತೆಗೆದುಕೊಳ್ಳುತ್ತಿರುವಾಗ ಗರ್ಭ ನಿಂತರೆ ಶಿಶುವಿನ ಮೆದುಳು, ಹೃದಯ, ಕಿವಿಗಳು ವಿಕಾರವಾಗಬಹುದು. ಬಿಟ್ಟ ಮೇಲೂ ಒಂದು ತಿಂಗಳು ಗರ್ಭ ನಿಲ್ಲಕೂಡದು.

ಇದನ್ನು ಹಳೆಯ ವಿದ್ಯಾರ್ಥಿನಿಯರಿಗಾಗಿಯೇ ಬರೆಯುತ್ತಿದ್ದೇನೆ. ಲಗ್ನ ಗೊತ್ತಾದ ಬಳಿಕ ಮುಖ ಬೇಗ ತಿಳಿಯಾಗಲೆಂದು ಗೆಳತಿಯ ಚೀಟಿ ತೋರಿಸಿ ಈ ಗುಳಿಗೆ ಕೊಳ್ಳುವವರುಂಟು. ಲಗ್ನದ ದಿನಾಂಕವನ್ನು ವೈದ್ಯರಿಗೆ ಮೊದಲು ತಿಳಿಸಿರಿ. ತಾಯಂದಿರೇ, ನಿಮ್ಮೆದುರಿಗೆ ಮಗಳು ನಾಚಿ ಹೇಳಲಾರಳು. ಆ ಐದು ನಿಮಿಷ ನೀವು ಹೊರಗಿನ ಬಾಕಿನ ಮೇಲೆ ಕುಳಿತಿರಿ.