“ಜಾತಿ ನಾಯಿನಾ, ಕಂತ್ರಿನಾ?”

“ದೇಶದಲ್ಲಿ ಇಷ್ಟೆಲ್ಲ ನಡೀತಿರೋವಾಗ ನಾಯಿ ಬಗ್ಗೆ ಪೋಸ್ಟಾ ಅಣ್ಣ?” ಅಂತ ಕೆಲವು ಗೆಳೆಯರು ಕೇಳೇ ಕೇಳ್ತಾರೆ. ಕೇಳಲಿ. ಹೋದ ತಿಂಗಳು ನಮ್ಮ ಕೆಂಚನ ಜೀವ ಉಳಿಸೋಕೆ ಮೂರು ಬಾಗಿಲು ತಟ್ಟಿದೆ. ಅಲ್ಲಿ ಕಂಡದ್ದನ್ನ ಬರೆಯದೆ ಇರೋಕೆ ಆಗ್ತಿಲ್ಲ.

ಕೆಂಚ ನಾಡುನಾಯಿ. ನಾಲ್ಕು ವರ್ಷದ ಹಿಂದೆ ಅಕ್ಕನ ಮಗಳು ಚರಂಡಿ ಪಕ್ಕದಿಂದ ಎತ್ಕೊಂಡು ಬಂದ ಮರಿ. ಅವ್ವ ಮುದ್ದೆ ಕಟ್ಟೋವಾಗ ಅವನ ಪಾಲಿಗೂ ಒಂದು ಸಣ್ಣದು ತೆಗೆದಿಡ್ತಾಳೆ. ಅಂಥವನು ಒಂದು ದಿನ ಮುದ್ದೆ ಮೂಸಿ ನೋಡಿ ಸುಮ್ಮನೆ ಮಲಗಿಬಿಟ್ಟ. ಮೈ ಕೆಂಡದ ಹಾಗೆ ಸುಡ್ತಿತ್ತು. ನಾಲ್ಕನೇ ದಿನ ಮೂಗಲ್ಲಿ ರಕ್ತ ಬಂತು. ಹುಡುಗಿನೂ ಊಟ ಬಿಟ್ಟಳು.

ನಮ್ಮ ಕಡೆ ದನ, ಕುರಿಗೆ ಸೂಜಿ ಹಾಕೋ ಒಬ್ಬರಿದ್ದಾರೆ. ಫೋನ್ ಮಾಡಿದೆ. “ಯಾವ ಬೀದಿ?” ಅಂದ್ರು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಅಲ್ಲಿಗೆಲ್ಲ ಬರೋಕಾಗಲ್ಲ, ಅರಳೀಕಟ್ಟೆ ಹತ್ರ ತಗೊಂಡು ಬನ್ನಿ” ಅಂದ್ರು. ಗೋಣಿಚೀಲದ ಮೇಲೆ ಮಲಗಿಸಿಕೊಂಡು ಹೊತ್ಕೊಂಡು ಹೋದ್ವಿ. ನನ್ನ ಕೈಲೇ ಹಿಡಿಸಿ, ತೋಳುದ್ದ ದೂರ ನಿಂತು ಸೂಜಿ ಚುಚ್ಚಿದ್ರು. ಬಾಯಿ ತೆರೆದು ನೋಡಲಿಲ್ಲ, ಜ್ವರ ಎಷ್ಟಿದೆ ಅಂತ ನೋಡಲಿಲ್ಲ. “ಏನು ಮದ್ದು ಸಾರ್?” ಅಂದ್ರೆ “ಪವರ್ ಇಂಜೆಕ್ಷನ್.” ಚೀಟಿ ಕೇಳಿದ್ದಕ್ಕೆ ನಕ್ಕರು. 500 ರೂಪಾಯಿ ಆಯ್ತು. ಆ ರಾತ್ರಿ ಕೆಂಚ ಎದ್ದು ನಾಲ್ಕು ಹೆಜ್ಜೆ ಇಟ್ಟ, ಬೆಳಗಾಗೋ ಹೊತ್ತಿಗೆ ಇನ್ನೂ ಕುಸಿದಿದ್ದ.

ಎರಡನೇದು ಪೇಟೆಯಲ್ಲಿರೋ ಗಾಜಿನ ಬಾಗಿಲ ಕ್ಲಿನಿಕ್. ಕೌಂಟರಿನಲ್ಲಿ ಮೊದಲ ಪ್ರಶ್ನೆನೇ “ಜಾತಿ ನಾಯಿನಾ, ಕಂತ್ರಿನಾ?” ಒಳಗಿದ್ದ ಡಾಕ್ಟ್ರು ಅಡ್ಮಿಟ್, ಟೆಸ್ಟ್, ಡ್ರಿಪ್ ಎಲ್ಲ ಸೇರಿ 12,000 ಕಟ್ಟಿ ಅಂದ್ರು. “ಏನು ಕಾಯಿಲೆ ಇರಬಹುದು ಸಾರ್? ಯಾವ ಟೆಸ್ಟು ಯಾಕೆ?” ಅಂತ ಕೇಳಿದೆ. “ಅದೆಲ್ಲ ನಿಮಗೆ ಅರ್ಥ ಆಗಲ್ಲ. ಕಂತ್ರಿ ನಾಯಿಗೆ ಯಾಕಿಷ್ಟು ಒದ್ದಾಡ್ತೀರಿ, ಇನ್ನೊಂದು ಮರಿ ತಂದ್ಕೊಳ್ಳಿ” ಅಂದ್ರು. ಪಕ್ಕದಲ್ಲೇ ಹನ್ನೊಂದು ವರ್ಷದ ಹುಡುಗಿ ನಿಂತಿದ್ದಳು.

“ನಿಮಗೆ ಅರ್ಥ ಆಗಲ್ಲ.” ಈ ಮಾತನ್ನ ನಮ್ಮ ಅಜ್ಜಂದಿರು ಶಾಲೆ ಬಾಗಿಲಲ್ಲಿ, ಶಾನುಭೋಗರ ಜಗಲಿಯಲ್ಲಿ ಕೇಳಿದ್ರು. ಈಗ ನಾಯಿ ಆಸ್ಪತ್ರೆಯಲ್ಲೂ ಕೇಳಬೇಕಾ?

ಮೂರನೇದು ಪಕ್ಕದ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆ. ಗೋಡೆ ಬಣ್ಣ ಉದುರಿದೆ, ಇರೋದು ಒಂದೇ ಬೆಂಚು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೆಂಚನ ಪಕ್ಕ ನೆಲದ ಮೇಲೇ ಕೂತ್ಕೊಂಡ್ರು. ತುಟಿ ಎತ್ತಿ ವಸಡು ಒತ್ತಿದ್ರು. “ಬಾ ಪುಟ್ಟಿ, ಇಲ್ಲಿ ನೋಡು. ಒತ್ತಿ ಬಿಟ್ರೆ ಎರಡು ಸೆಕೆಂಡಲ್ಲಿ ಗುಲಾಬಿ ಬಣ್ಣ ವಾಪಸ್ ಬರಬೇಕು. ಇವನದು ಬೆಳ್ಳಗೇ ಇದೆ.” ಕಿವಿ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಕೈಯಾಡಿಸಿ ಉಣುಗು ಹುಡುಕಿ ತೆಗೆದ್ರು. ಉಣುಗು ಕಚ್ಚಿ ಬರೋ ಜ್ವರ, ಎರ್ಲಿಕಿಯಾ ಅಂತಾರೆ, ಅದೇ ಇರಬಹುದು ಅಂದ್ರು. ರೋಗಾಣು ರಕ್ತದ ಬಿಳಿ ಕಣದೊಳಗೆ ಸೇರ್ಕೊಳ್ಳುತ್ತೆ, ಪ್ಲೇಟ್‌ಲೆಟ್ ಇಳಿಯುತ್ತೆ, ಅದಕ್ಕೇ ಮೂಗಲ್ಲಿ ರಕ್ತ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 24,000 ಅಂತ ಬಂತು. ಆರೋಗ್ಯವಾಗಿರೋ ನಾಯಿಗೆ ಸುಮಾರು 2 ಲಕ್ಷಕ್ಕಿಂತ ಮೇಲಿರಬೇಕು. ಆ ಕಾಗದವನ್ನ ನಮ್ಮ ಕೈಗೇ ಕೊಟ್ಟು, ಬೆರಳಿಟ್ಟು ತೋರಿಸಿದ್ರು. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಊಟದ ಜೊತೆ, ಚೇತರಿಸಿಕೊಂಡ ಅಂತ ಮಧ್ಯೆ ನಿಲ್ಲಿಸಬಾರದು.

ಮೊದಲು ಹಾಕಿಸಿದ ಇಂಜೆಕ್ಷನ್ ಯಾವುದು ಅಂತಲೂ ಕೇಳಿದ್ರು. ನಮ್ಮ ಹತ್ರ ಚೀಟಿ ಎಲ್ಲಿತ್ತು? “ಅದು ಗೊತ್ತಿದ್ರೆ ನನಗೆ ಅನುಕೂಲ ಆಗ್ತಿತ್ತು” ಅಂದ್ರು, ಅಷ್ಟೇ. ಬೈಯಲಿಲ್ಲ. “ಉಳೀತಾನೆ ಅಂತ ಮಾತು ಕೊಡೋಕಾಗಲ್ಲಪ್ಪ. ಮೂರು ದಿನದಲ್ಲಿ ತಿರುಗಲಿಲ್ಲ ಅಂದ್ರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ರಕ್ತ ಕೊಡಬೇಕಾಗಬಹುದು, ಅದು ನನ್ನಲ್ಲಿ ಆಗಲ್ಲ.”

“ನನ್ನಲ್ಲಿ ಆಗಲ್ಲ” ಅಂದ ಆ ಡಾಕ್ಟ್ರ ಮೇಲೇ ನನಗೆ ನಂಬಿಕೆ ಹುಟ್ಟಿತು. ಅವರ ಜಾತಿ ಯಾವುದು ಅಂತ ಕಾಮೆಂಟಲ್ಲಿ ಕೇಳಬೇಡಿ. ನಾನು ಕೇಳಿಲ್ಲ, ಅವರೂ ಕೇಳಲಿಲ್ಲ.

ನಾಯಿಗೂ ನಮಗೂ ಇರೋ ನಂಟು ಇವತ್ತಿಂದಲ್ಲ. ಚಂಡಾಲರು ಊರ ಹೊರಗಿರಬೇಕು, ನಾಯಿ ಮತ್ತು ಕತ್ತೆಯೇ ಅವರ ಆಸ್ತಿ ಅಂತ ಬರೆದಿಟ್ಟಿದ್ದು ಮನುಸ್ಮೃತಿಯ ಹತ್ತನೇ ಅಧ್ಯಾಯ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆ ನೀರು ಕುಡಿದ್ರಲ್ಲ, ಆ ಕೆರೆಯಲ್ಲಿ ಪ್ರಾಣಿಗಳು ಕುಡಿಯಬಹುದಿತ್ತು, ನಮ್ಮವರು ಮುಟ್ಟೋ ಹಾಗಿರಲಿಲ್ಲ. ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ ನೋಡಿದವರಿಗೆ ಕರುಪ್ಪಿ ನೆನಪಿರಬೇಕು. ಕೇರಿಯ ಹುಡುಗನ ಮೇಲಿನ ಸಿಟ್ಟು ಅವನ ನಾಯಿ ಮೇಲೆ ತೀರುತ್ತೆ. ಅವರ ನಾಯಿ ನಮಗಿಂತ ಮೇಲೆ, ನಮ್ಮ ಮನೆ ನಾಯಿ ಮಾತ್ರ ಮುಟ್ಟಬಾರದ್ದು! ಬ್ರೀಡ್ ನಾಯಿಗೆ ಕನ್ನಡದಲ್ಲಿ ‘ಜಾತಿ ನಾಯಿ’ ಅಂತೀವಿ ಅನ್ನೋದೇ ಸಾಕು, ಇನ್ನೇನು ಹೇಳೋದು.

ಆದರೆ ವೈದ್ಯ ಅನ್ನೋದು ಮುಟ್ಟೋ ಕೆಲಸ. ಪ್ರಾಣಿಗೆ ಬಾಯಿಲ್ಲ, ಎಲ್ಲಿ ನೋವು ಅಂತ ಹೇಳೋಕೆ ಬರಲ್ಲ. ಕೈ ಇಟ್ಟು ನೋಡದೆ ಕಾಯಿಲೆ ಸಿಗಲ್ಲ. ಅಸ್ಪೃಶ್ಯತೆ ಆಚರಿಸೋನು ಪಾಪಿ ಅನ್ನೋ ಮಾತು ಆಮೇಲಿರಲಿ, ಅವನು ಕೆಲಸ ಬಾರದ ಡಾಕ್ಟ್ರು.

ಹಾಗಾಗಿ ನಮ್ಮ ಜನ ನಾಲ್ಕು ವಿಷಯ ನೋಡಬೇಕು.

1. ಮುಟ್ಟಿ ಪರೀಕ್ಷೆ ಮಾಡ್ತಾರಾ? ಸೂಜಿಗಿಂತ ಮೊದಲು ಕೈ ಬರಬೇಕು.

2. ಮದ್ದಿನ ಹೆಸರು ಚೀಟಿಯಲ್ಲಿ ಬರೀತಾರಾ? ಬರೆಯದಿದ್ರೆ ಮುಂದಿನ ಡಾಕ್ಟ್ರು ಕತ್ತಲಲ್ಲಿ ತಡಕಬೇಕಾಗುತ್ತೆ.

3. ನೋಂದಣಿ ಇದೆಯಾ? 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಪಶುವೈದ್ಯರು ನೋಂದಣಿ ಮಾಡಿಸಿರಬೇಕು. ನಂಬರ್ ಕೇಳೋದು ಉದ್ಧಟತನ ಅಲ್ಲ.

4. ಖರ್ಚು ಎಷ್ಟು, ಉಳಿಯೋ ಸಾಧ್ಯತೆ ಎಷ್ಟು, ತಮ್ಮ ಕೈಲಿ ಏನಾಗಲ್ಲ ಅಂತ ಮೊದಲೇ ಹೇಳ್ತಾರಾ?

ಇನ್ನೊಂದು. ಮನುಷ್ಯರ ನೋವಿನ ಮಾತ್ರೆ, ಜ್ವರದ ಮಾತ್ರೆನ ನೀವೇ ಕೊಡಬೇಡಿ. ಐಬುಪ್ರೊಫೇನ್ ನಾಯಿಗೆ ವಿಷ. ಬೆಕ್ಕಿಗಂತೂ ಒಂದು ಪ್ಯಾರಾಸಿಟಮಾಲ್ ಜೀವ ತೆಗೆಯಬಹುದು.

ಇದು ನಾಯಿ ಒಂದರ ಮಾತಲ್ಲ ಗೆಳೆಯರೇ. ಭೂಮಿ ಇಲ್ಲದ ಮನೆಗೆ ಎರಡು ಮೇಕೆನೇ ಬ್ಯಾಂಕು. ಮಗಳ ಫೀಸು, ಅಪ್ಪನ ಆಪರೇಷನ್ನು ಅದರಿಂದಲೇ ನಡೆಯೋದು. “ಅಲ್ಲಿಗೆಲ್ಲ ಬರೋಕಾಗಲ್ಲ” ಅನ್ನೋರು ಕೆಂಚನಿಗೆ ಬರಲಿಲ್ಲ, ಮೇಕೆಗೂ ಬರಲ್ಲ. ದನ, ಕುರಿ, ಮೇಕೆಗೆ ತುರ್ತು ಬಂದ್ರೆ 1962ಕ್ಕೆ ಫೋನ್ ಮಾಡಿ, ಸರ್ಕಾರದ ಪಶು ಸಂಜೀವಿನಿ ಗಾಡಿ ಇದೆ. ಮನೆ ಬಾಗಿಲಿಗೇ ಕರೆಸಿ, ಅರಳೀಕಟ್ಟೆಗಲ್ಲ. ಸಂಘಟನೆಯವರು ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಎತ್ತಬೇಕು: ನಮ್ಮ ಹೋಬಳಿಯ ಪಶು ಆಸ್ಪತ್ರೆಗೆ ಡಾಕ್ಟ್ರು ಇದ್ದಾರಾ, ಇದ್ದರೆ ನಮ್ಮ ಕೇರಿಗೆ ಯಾವತ್ತು ಬಂದಿದ್ರು?

ಕೆಂಚ ಐದನೇ ದಿನ ಅರ್ಧ ಮುದ್ದೆ ತಿಂದ. ಮಾತ್ರೆ ಇನ್ನೂ ಒಂಬತ್ತು ದಿನ ಇದೆ, ಆಮೇಲೆ ಮತ್ತೆ ರಕ್ತ ಪರೀಕ್ಷೆ. ಪೂರ್ತಿ ಗುಣ ಅಂತ ಡಾಕ್ಟರಮ್ಮ ಇನ್ನೂ ಹೇಳಿಲ್ಲ, ನಾನೂ ಹೇಳಲ್ಲ. ನಮ್ಮ ಹುಡುಗಿ ಮಾತ್ರ ಮೊನ್ನೆ ಕೇಳಿದಳು: “ಮಾವ, ದನಗಳ ಡಾಕ್ಟ್ರಾಗೋಕೆ ಏನು ಓದಬೇಕು?”

ಪಿಯುಸಿಯಲ್ಲಿ ಸೈನ್ಸ್ ತಗೋ ಕಂದ ಅಂದಿದ್ದೀನಿ. ಗೊತ್ತಿರೋರು ಮುಂದಿನ ದಾರಿ ತಿಳಿಸಿ.

ಜೈ ಭೀಮ್.